ಹಾಡ್ಯಾಡಿ ಅಳುವ ನಿಂಗಕ್ಕ

ಅಮೋಘಸಿದ್ಧನಿಗೆ ಅಳುವುದನ್ನು ಕಲಿಸಿದವಳು ಅವನ ತಾಯಿ ಕಸ್ತೂರೆವ್ವ. ಹಾಗಂತ ಆಕೆ ಮಗನನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳಲಿಲ್ಲ ಬಿಡಿ. ಹೂವಿನ ಹಿಪ್ಪರಗಿಯಲ್ಲಾಗಲಿ, ಸುತ್ತಲಿನ ಏಳೆಂಟು ಹಳ್ಳಿಗಳಲ್ಲಾಗಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕಸ್ತೂರೆವ್ವನಿಗೆ ಹೇಳಿಕಳಿಸುತ್ತಿದ್ದರು. ಗಂಡ ತೀರಿಹೋಗಿದ್ದ. ಹಿರಿಯ ಮಗ ಯಲ್ಲಾಲಿಂಗ ಕುರಿ ಹಿಂಡಿನ ಹಿಂದೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಮೂರು ವರ್ಷದ ಸಣ್ಣವನನ್ನು ಯಾರ ಹತ್ತಿರ ಬಿಡಬೇಕು? ಬಗಲಲ್ಲಿ ಎತ್ತಿಕೊಂಡೇ ಹೊರಡುತ್ತಿದ್ದಳು. ಹೀಗಾಗಿ ಹುಡುಗ ಜೋಗುಳ ಕೇಳಿದ್ದು ಕಡಿಮೆ, ಸತ್ತ ಮನೆಯ ಅಳು ಕೇಳಿದ್ದೇ ಹೆಚ್ಚು.

ಆ ಸೀಮೆಯಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ ಮೇಲೆ ಸುತ್ತಲೂ ಕೂತು, ಸತ್ತವರ ಬಾಳನ್ನು ಹುಟ್ಟಿದ ಊರಿನಿಂದ ಹಿಡಿದು ಕೊನೆಯ ತುತ್ತಿನವರೆಗೆ ರಾಗ ಎಳೆದು ಹೇಳುತ್ತ ಅಳುವುದು. ಅದನ್ನು ಯಾರೂ ಹಾಡು ಅನ್ನುವುದಿಲ್ಲ, ಅಂದವರು ಬೈಸಿಕೊಳ್ಳುತ್ತಾರೆ. ಎಲ್ಲ ಹೆಂಗಸರಿಗೂ ಅಷ್ಟಿಷ್ಟು ಬರುತ್ತದೆ. ಕಸ್ತೂರೆವ್ವನದು ಬೇರೆಯೇ. ಹೋದವಳು ಬಾಗಿಲಲ್ಲಿ ಮನೆಯವರನ್ನು ಎರಡು ಮಾತು ಕೇಳುವಳು: ಕಡೆಗೆ ಏನು ಉಂಡ, ಯಾರನ್ನು ಕರೆದ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಳೆಂದರೆ ಮುಗಿಯಿತು. ಸತ್ತವನು ಯಾವ ಎತ್ತಿನ ಮೇಲೆ ಜೀವ ಇಟ್ಟಿದ್ದ, ಯಾವ ತಮ್ಮನ ಜೊತೆ ಹತ್ತು ವರ್ಷ ಮಾತು ಬಿಟ್ಟಿದ್ದ, ಎಲ್ಲವೂ ಅಳುವಿನಲ್ಲಿ ಬರುತ್ತಿತ್ತು. ಮಾತು ಬಿಟ್ಟ ಆ ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತವನು ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ.

ಇದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಸತ್ತ ಮನೆಯಲ್ಲಿ ಒಂದು ಗುಟುಕು ನೀರು ಸಹ ಮುಟ್ಟುತ್ತಿರಲಿಲ್ಲ. ಮಣ್ಣು ಕೊಡುವುದು ಮುಗಿದು, ಬಿಸಿಲಲ್ಲಿ ನಡೆದು ಮನೆಗೆ ಬಂದು, ಮೈ ತೊಳೆದುಕೊಂಡ ಮೇಲೆಯೇ ನೀರು. ಕುರಿ ಕಾಯುವವರ ಮನೆಯ ವಿಧವೆಯನ್ನು ಬೇರೆ ದಿನ ಯಾರು ಕೇಳಬೇಕು? ಸಾವಿನ ದಿನ ಮಾತ್ರ ಊರ ಗೌಡರೂ ಎದ್ದು ನಿಂತು, “ಕಸ್ತೂರೆವ್ವ ಬಂದ್ಲು, ಹಾದಿ ಬಿಡ್ರಿ” ಅನ್ನುತ್ತಿದ್ದರು. ಆಕೆಯ ಬಾಳಿನಲ್ಲಿ ಇದ್ದ ಮರ್ಯಾದೆ ಅದೊಂದೇ.

ಅಮೋಘಸಿದ್ಧ ಏಳನೇ ತರಗತಿಯಲ್ಲಿ ನಪಾಸಾದ. ಅಣ್ಣನ ಜೊತೆ ಕುರಿ ಕಾಯಲು ಕಳಿಸಿದರೆ ಕುರಿ ಒಂದು ಕಡೆ, ಇವನೊಂದು ಕಡೆ. ದಾರಿಯಲ್ಲಿ ಹೋಗುವವರ ನಡಿಗೆ, ಕೆಮ್ಮು, ಬೀಡಿ ಸೇದುವ ಚಂದ, ಎಲ್ಲ ಅಣಕ ಮಾಡುತ್ತ ನಿಂತುಬಿಡುವನು. “ಇಂವಾ ಕುರಿ ಕಾಯೂ ಮಗಾ ಅಲ್ಲಬೇ, ಇಂವನ್ನ ನಾವ ಕಾಯಬೇಕು” ಎಂದು ಯಲ್ಲಾಲಿಂಗ ಕೈಚೆಲ್ಲಿದ. ತೊಂಬತ್ತೊಂದರಲ್ಲಿ ಸಿಂದಗಿಯಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಹಿಂದೆ ಹುಡುಗ ಹೊರಟೇಹೋದ. ಮೊದಲ ಮೂರು ವರ್ಷ ಮಾಡಿದ್ದು ಪರದೆ ಎಳೆಯುವ ಕೆಲಸ, ಮೈಕು ಹಿಡಿದು ಊರೂರು ಸಾರುವ ಕೆಲಸ. ನಡುನಡುವೆ ಪೊಲೀಸನ ಪಾತ್ರ, ಅದಕ್ಕೆ ಮಾತಿಲ್ಲ.

ಅವನ ಹಣೆಬರಹ ತಿರುಗಿದ್ದು ಮುದ್ದೇಬಿಹಾಳದ ಕ್ಯಾಂಪಿನಲ್ಲಿ. ಮುದುಕಿಯ ಪಾತ್ರ ಮಾಡುತ್ತಿದ್ದವನು ಜ್ವರ ಬಂದು ಮಲಗಿದ. ಮಾಲೀಕ ಸಿಕ್ಕವನನ್ನೇ ಹಿಡಿದ. ಅಮೋಘಸಿದ್ಧನಿಗೆ ಇಳಕಲ್ ಸೀರೆ ಸುತ್ತಿ, ಹಣೆಗೆ ವಿಭೂತಿ ಬಳಿದು ರಂಗದ ಮೇಲೆ ನೂಕಿದರು. ಗಂಡ ಸತ್ತ ಮುದುಕಿ ಅಳಬೇಕು, ಅಷ್ಟೇ. ಹೋದವನಿಗೆ ಮಾತು ಮರೆತುಹೋಯಿತು. ಎದುರಿಗೆ ಸಾವಿರ ಮಂದಿ. ಬಾಯಿಗೆ ಬಂದದ್ದು ಅವ್ವನ ಅಳು. ಅದೇ ರಾಗ, ಅದೇ ತಲೆ ಅಲ್ಲಾಡಿಸುವ ರೀತಿ, ಅದೇ ಸೆರಗು ಹಿಡಿಯುವ ಕೈ. ಡೇರೆಯಲ್ಲಿ ಉಸಿರಿಲ್ಲ. ಮುಂದೆ ಏನು ಹೇಳಬೇಕು ತಿಳಿಯದೆ ಗಾಬರಿಯಲ್ಲಿ ಪಕ್ಕಕ್ಕೆ ತಿರುಗಿದಾಗ ಪರದೆಯ ಹಿಂದೆ ಯಾರೋ ಚಹಾ ಕುಡಿಯುತ್ತ ನಿಂತದ್ದು ಕಂಡಿತು. ಅಳುತ್ತಿದ್ದವನು ಗಕ್ಕನೆ ನಿಲ್ಲಿಸಿ, “ಚಾ ಆತೇನ್ರಿ?” ಅಂದುಬಿಟ್ಟ. ಮರುಗಳಿಗೆ ಮತ್ತೆ ಅಳು. ಅಬ್ಬಾ, ಮಂದಿ ಕುರ್ಚಿಯಿಂದ ಬಿದ್ದು ಬಿದ್ದು ನಕ್ಕರು!

ಆ ರಾತ್ರಿಯಿಂದ ಅಮೋಘಸಿದ್ಧನಿಗೆ ಬೇರೆ ಪಾತ್ರವೇ ಸಿಗಲಿಲ್ಲ. ಮಾಲೀಕ ಅವನ ಮುದುಕಿಗೆ ನಿಂಗಕ್ಕ ಎಂದು ಹೆಸರಿಟ್ಟ. ಯಾವ ನಾಟಕವಾದರೂ ಸರಿ, ಕಥೆಗೆ ಬೇಕಿರಲಿ ಬೇಡವಾಗಿರಲಿ, ಯಾರೋ ಒಬ್ಬರು ಸಾಯಬೇಕು, ನಿಂಗಕ್ಕ ಬಂದು ಅಳಬೇಕು, ನಡುವೆ ಚಹಾ ಕೇಳಬೇಕು. ಇಂಡಿ ಊರಿನ ಕ್ಯಾಂಪಿಗೆ ಬೆಂಗಳೂರಿನ ಚಾನೆಲ್ಲಿನವರು ಬಂದರು. ಆ ಕಡೆಯ ಮಾತಿನಲ್ಲಿ ಒಂದು ನಗೆ ಧಾರಾವಾಹಿ ಮಾಡುವವರಿದ್ದರು, ಹೆಸರು ‘ಬಾಜೂಮನಿ ಮಂದಿ’. ನಿಂಗಕ್ಕನನ್ನು ನೋಡಿದವರು ಅವತ್ತೇ ಒಪ್ಪಂದದ ಕಾಗದ ತೆಗೆದರು. ಎರಡು ಸಾವಿರದ ಇಸವಿಯ ಬೇಸಿಗೆ ಅದು.

ಧಾರಾವಾಹಿಯ ಮೊದಲ ಕಂತು ಬಂದ ಭಾನುವಾರ ಹೂವಿನ ಹಿಪ್ಪರಗಿಯಲ್ಲಿ ಗುರಣ್ಣನ ಕಿರಾಣಿ ಅಂಗಡಿಯ ಮುಂದೆ ಜಾತ್ರೆ ಕೂಡಿದಷ್ಟು ಮಂದಿ. ಓಣಿಗೆ ಟಿವಿ ಇದ್ದದ್ದು ಅವನ ಅಂಗಡಿಯಲ್ಲೇ. ಗುರಣ್ಣ ತಾನೇ ಹೋಗಿ ಕಸ್ತೂರೆವ್ವನನ್ನು ಕರೆತಂದು ಮುಂದೆ ಚಾಪೆಯ ಮೇಲೆ ಕೂರಿಸಿದ. ಮಗ ಸೀರೆ ಉಟ್ಟು ಬಂದದ್ದು ಕಂಡು ಎಲ್ಲರಿಗಿಂತ ಮೊದಲು ನಕ್ಕವಳು ಆಕೆಯೇ. “ಅಯ್ಯ ನನ್ನ ಸಿವನೇ, ಭಾಡ್ಯಾ ಹೆಂಗ ಕಾಣ್ತಾನ ನೋಡ್ರಿ!” ಅಂದಳು. ಆಮೇಲೆ ಅಳು ಸುರುವಾಯಿತು. ಕಸ್ತೂರೆವ್ವನ ನಗು ಮುಖದಲ್ಲಿ ಹಾಗೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು.

ಮಗ ಪಂಚಮಿಗೆ ಊರಿಗೆ ಬಂದಾಗ ಆಕೆ ಬೈಯಲಿಲ್ಲ. ರೊಟ್ಟಿ ಬಡಿಯುತ್ತ, ಒಲೆಯ ಕಡೆ ನೋಡುತ್ತಲೇ ಹೇಳಿದಳು.

“ನನ್ನ ಅಳು ತಗೊಂಡಿ, ಹೋಗ್ಲಿ. ಹೊಟ್ಟಿಪಾಡು. ಆದ್ರ ಒಂದ ನೆನಪಿಡು ತಮ್ಮಾ. ಸತ್ತ ಮನ್ಯಾಗ ಕೇಳಿದ ಮಾತು ಅಲ್ಲೇ ಬಿಟ್ಟು ಬರಬೇಕು. ನಾ ಯಾರಿಗರ ಅತ್ತದ್ದು ನಿನ್ನ ಬಾಯಾಗ ಬರಬಾರ್ದು.”

“ಇಲ್ಲಬೇ, ನಾ ಎಲ್ಲಾ ಹೊಸಾದು ಕಟ್ಟತೇನಿ” ಎಂದ ಅಮೋಘಸಿದ್ಧ. ಆಗ ಅವನು ಹೇಳಿದ್ದು ಮನಸ್ಸಿನಿಂದಲೇ.

ಮಂದಿ ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿಯ ಉದ್ಘಾಟನೆಗೆ ಕರೆದರು. ಹೋದ ವರ್ಷದವರೆಗೆ ಆ ಊರಿನಲ್ಲಿ ಅವನಿಗೆ ಉದ್ರಿ ಬೀಡಿ ಕೊಡುವವರಿರಲಿಲ್ಲ. ರಿಬ್ಬನ್ ಕತ್ತರಿಸಿದ ಮೇಲೆ ಹಾರ ಹಾಕಿದ ಹಿರಿಯರೊಬ್ಬರು, “ಒಮ್ಮೆ ಅಳ್ರಿ ನಿಂಗಕ್ಕಾರ, ಬೋಣಿಗಿ ಚಲೋ ಆಗ್ಲಿ” ಅಂದರು. ಅತ್ತ. ಎಲ್ಲರೂ ಚಪ್ಪಾಳೆ ಹೊಡೆದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು “ಅಳ್ರಿ” ಅಂದರು, ಖಾನಾವಳಿಯಲ್ಲಿ ಹೆಚ್ಚಿಗೆ ಎರಡು ರೊಟ್ಟಿ ನೀಡಿ “ಅಳ್ರಿ” ಅಂದರು. ಹಲ್ಲು ಕೀಳಿಸಲು ಹೋದರೆ ಡಾಕ್ಟರರೂ ಅದನ್ನೇ ಕೇಳಿದರು. ಅಮೋಘಸಿದ್ಧ ಎಂಬ ಹೆಸರು ಹಿಂದೆ ಬಿತ್ತು. ಹೆಣ್ಣು ಕೊಡುವವರು ಮಾತ್ರ ಮುಂದೆ ಬರಲಿಲ್ಲ. ಸೀರೆ ಉಡುವವನಿಗೆ ಯಾರು ಮಗಳನ್ನು ಕೊಡುತ್ತಾರೆ ಎಂದು ನಕ್ಕುಬಿಟ್ಟರು. ಅವನೂ ಜೊತೆಗೆ ನಕ್ಕ. ಸುಳ್ಳೇಕೆ ಹೇಳಬೇಕು, ಆ ಮೂರು ವರ್ಷ ಅವನ ಕಾಲು ನೆಲದ ಮೇಲೆ ಇರಲಿಲ್ಲ.

ಆದರೆ ವಾರಕ್ಕೊಂದು ಕಂತು ಅಂದರೆ ಎಷ್ಟು ಅಳು ಬೇಕು, ಯೋಚಿಸಿ. ಕಟ್ಟಿದ್ದು ಖಾಲಿಯಾಯಿತು. ಒಂದು ದಿನ ಚಿತ್ರೀಕರಣದಲ್ಲಿ ನಿಂಗಕ್ಕನ ಹುಂಜ ಸತ್ತಿತ್ತು. ಅಳಿಯ ಬಂದನೆಂದು ಕೊಯ್ದುಬಿಟ್ಟಿದ್ದರು. ಹುಂಜದ ಪುಕ್ಕ ಮುಂದಿಟ್ಟುಕೊಂಡು ಅಳಬೇಕು. ಕ್ಯಾಮೆರಾ ಸುರುವಾದ ಮೇಲೆ ಅಮೋಘಸಿದ್ಧನ ತಲೆ ಬರಿದಾಗಿತ್ತು. ಎಲ್ಲಿಂದಲೋ ಎರಡು ಸಾಲು ತಾವಾಗಿಯೇ ಬಂದವು:

“ಹೊಸಾ ಚಪ್ಪಲಿ ಕಚ್ಚತಾವಂತ ಬಿಟ್ಟು ಹ್ವಾದ್ಯೇನೋ ನನ್ನಪ್ಪಾ,
ಮುಳ್ಳಿನ ಹಾದ್ಯಾಗ ಬರಿಗಾಲಲೆ ಹೆಂಗ ನಡದ್ಯೋ ನನ್ನಪ್ಪಾ…”

ಹುಂಜಕ್ಕೆ ಚಪ್ಪಲಿ! ಸೆಟ್ಟಿನಲ್ಲಿ ಲೈಟು ಹಿಡಿದವನೂ ನಕ್ಕು ಲೈಟು ಅಲ್ಲಾಡಿಸಿದ. ಆ ಸಾಲು ಎಲ್ಲಿಯದು ಎಂದು ಅಮೋಘಸಿದ್ಧನಿಗೆ ನೆನಪಾದದ್ದು ಎಲ್ಲ ಮುಗಿದು, ಸೀರೆ ಬಿಚ್ಚಿ ಮುಖ ತೊಳೆಯುವಾಗ. ಗುರಣ್ಣನ ಮಗ ಸಿದ್ಧಾರೂಢ. ಹತ್ತೊಂಬತ್ತು ವರ್ಷದ ಹುಡುಗ, ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಿದ್ದ. ಅಕ್ಕನ ಮದುವೆಗೆಂದು ಬಾಗೇವಾಡಿಯಿಂದ ತಂದ ಹೊಸ ಚಪ್ಪಲಿ ಹೊಸ್ತಿಲ ಪಕ್ಕ ಇದ್ದವು. ಕಸ್ತೂರೆವ್ವ ಅವನ್ನು ನೋಡಿಯೇ ಆ ಮಾತು ಆಡಿ ಅತ್ತಿದ್ದಳು. ಅವತ್ತು ಕಂಪನಿಗೆ ರಜೆ ಇತ್ತು. ಅಮೋಘಸಿದ್ಧ ಆ ಮನೆಯ ಬಾಗಿಲಲ್ಲಿ ನಿಂತು ತಾನೂ ಅತ್ತಿದ್ದ. ನಿರ್ದೇಶಕನಿಗೆ ಹೇಳಬಹುದಿತ್ತು, ಆ ಸಾಲು ತೆಗೆಯಿರಿ ಅಂತ. ನಾಳೆ ಹೇಳಿದರಾಯಿತು ಅಂದುಕೊಂಡ. ಬೆಂಗಳೂರಿನಲ್ಲಿ ಕೂತಾಗ ಹೂವಿನ ಹಿಪ್ಪರಗಿ ದೂರ ಅನಿಸುತ್ತದೆ.

ಆ ಕಂತು ಬಂದ ಭಾನುವಾರ ಗುರಣ್ಣ ತನ್ನ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತ ಟಿವಿ ನೋಡುತ್ತಿದ್ದ. ಚಪ್ಪಲಿಯ ಮಾತು ಬಂತು. ಹೊರಗೆ ಕೂತ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕೈದು ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಗುರಣ್ಣ ಟಿವಿ ಆರಿಸಲಿಲ್ಲ. ಕೈಯಲ್ಲಿದ್ದ ಪೊಟ್ಟಣ ಕಟ್ಟಿ ಮುಗಿಸಿ, ಗಿರಾಕಿಗೆ ಕೊಟ್ಟು, ಹೊರಗೆ ಬಂದು ಚಾಪೆಯ ಮೇಲೆ ಕೂತಿದ್ದ ಕಸ್ತೂರೆವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಕಸ್ತೂರೆವ್ವಾ, ನಮ್ಮ ಹುಡುಗನ ಚಪ್ಪಲಿ ನಿನ್ನ ಮಗಗ ಯಾಕ ಕೊಟ್ಟಿ?”

ಆಕೆ ಚಾಪೆಯಿಂದ ಎದ್ದು ಮನೆಗೆ ನಡೆದಳು. ಮತ್ತೆ ಆ ಅಂಗಡಿಯ ಕಡೆ ಹೋಗಲಿಲ್ಲ; ಉಪ್ಪು ಬೇಕಾದರೂ ಮೇಲಿನ ಓಣಿಗೆ ಹೋದಳು.

ಯಲ್ಲಾಲಿಂಗನ ಹೆಂಡತಿ ಸುವರ್ಣಾ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿ ಮೈದುನನಿಗೆ ಎಲ್ಲ ಹೇಳಿದಳು. ಅಮೋಘಸಿದ್ಧ ಅವತ್ತೇ ನಿರ್ದೇಶಕನ ಹತ್ತಿರ ಹೋಗಿ, ಇನ್ನು ಹಾಡ್ಯಾಡಿ ಅಳುವುದು ಬ್ಯಾಡ್ರಿ, ಬೇರೆ ಏನಾದರೂ ಮಾಡತೇನಿ ಅಂದ. ನಿರ್ದೇಶಕ ಭುಜದ ಮೇಲೆ ಕೈ ಹಾಕಿದ. “ಗುರೂ, ಆ ಚಪ್ಲಿ ಎಪಿಸೋಡೇ ಕಣಯ್ಯಾ ಸೂಪರ್ ಹಿಟ್ಟು. ಅದನ್ನೇ ಬಿಡ್ತೀನಿ ಅಂತೀಯಲ್ಲ! ಅಳೋದು ಬಿಟ್ರೆ ನಿನ್ನನ್ಯಾರು ನೋಡ್ತಾರೆ?” ಅಮೋಘಸಿದ್ಧನಿಗೆ ಅದು ನಿಜ ಅನಿಸಿತು. ಅನಿಸಿದ್ದೇ ಅವನ ತಪ್ಪು. ಊರಿಗೆ ಹೋಗಿ ಗುರಣ್ಣನ ಕಾಲು ಹಿಡಿಯಬೇಕು ಎಂದು ಎಷ್ಟೋ ಸಲ ಅಂದುಕೊಂಡ, ಹೋಗಲಿಲ್ಲ. ಮತ್ತೆ ಎರಡು ವರ್ಷ ಅತ್ತ.

ಇತ್ತ ಊರಿನಲ್ಲಿ ಶೇವಂತೆವ್ವ ಎಂಬ ಮುದುಕಿ ತೀರಿಕೊಂಡಳು. ಕಸ್ತೂರೆವ್ವನ ಜೊತೆಯಲ್ಲೇ ಮದುವೆಯಾಗಿ ಆ ಊರಿಗೆ ಬಂದವಳು, ನಲವತ್ತು ವರ್ಷದ ಗೆಳತಿ. ಯಾರೂ ಹೇಳಿಕಳಿಸದಿದ್ದರೂ ಕಸ್ತೂರೆವ್ವ ಹೋದಳು. ಸೆರಗು ಎಳೆದುಕೊಂಡು ಕೂತು ಗೆಳತಿಯ ಹೆಸರು ಹಿಡಿದು ಸುರು ಮಾಡಿದಳು. ಎರಡನೇ ಸಾಲಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೊರಗೆ ಅಂಗಳದಿಂದ ಯಾರೋ ಒಬ್ಬ, “ಚಾ ಆತೇನ್ರಿ?” ಅಂದ. ಹೆಣದ ಸುತ್ತ ಕೂತ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. ಅವಳ ಮೈ ಅಲುಗುವುದು ಕಂಡು ಪಕ್ಕದವಳಿಗೂ ತಡೆಯಲಾಗಲಿಲ್ಲ. ಸತ್ತವಳ ಸ್ವಂತ ಮಗಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು, ನಕ್ಕು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮನೆಯ ಹಿರಿಯ ಬಂದು ಮೆಲ್ಲಗೆ, “ಕಸ್ತೂರೆವ್ವಾ, ಸಾಕವಾ. ಒಳಗ ಹೋಗಿ ಕುಂದ್ರು” ಅಂದ. ಸತ್ತ ಮನೆಯಲ್ಲಿ ನೀರು ಸಹ ಮುಟ್ಟದವಳಿಗೆ ಚಹಾದ ಮಾತು. ಆಕೆ ಒಳಗೆ ಹೋಗಿ ಕೂರಲಿಲ್ಲ, ಹಿಂದಿನ ಬಾಗಿಲಿನಿಂದ ಮನೆಗೆ ಹೋದಳು.

ಅದಾದ ಮೇಲೆ ಯಾರೂ ಆಕೆಯನ್ನು ಕರೆಯಲಿಲ್ಲ. ಬರಬರುತ್ತ ಬೇರೆ ಹೆಂಗಸರೂ ಹಾಡ್ಯಾಡಿ ಅಳುವುದನ್ನು ಬಿಟ್ಟರು. ಎಲ್ಲಿ ನಗು ಬಂದೀತೋ ಎಂಬ ಅಂಜಿಕೆ. ಸಾವಾದರೆ ಭಜನೆಯವರನ್ನು ಕರೆಸಿ ಲೌಡ್‌ಸ್ಪೀಕರ್ ಹಚ್ಚುವುದು ರೂಢಿಯಾಯಿತು. ಆ ಸದ್ದಿನಲ್ಲಿ ಯಾರು ಅತ್ತರು, ಯಾರು ಬಿಟ್ಟರು, ಯಾರಿಗೆ ಗೊತ್ತು?

ಎರಡು ಸಾವಿರದ ಐದರಲ್ಲಿ ‘ಬಾಜೂಮನಿ ಮಂದಿ’ ನಿಂತುಹೋಯಿತು. ಮಂದಿಗೆ ಸಾಕಾಗಿತ್ತು, ಚಾನೆಲ್ಲಿನವರು ಬೇರೆ ಏನೋ ಸುರು ಮಾಡಿದರು. ಅಮೋಘಸಿದ್ಧ ಬೆಂಗಳೂರಿನಲ್ಲಿ ಒಂದು ವರ್ಷ ಅಲೆದ. ಹೋದಲ್ಲೆಲ್ಲ, “ನಿಂಗಕ್ಕ ಅಲ್ವಾ? ನಿಮ್ಗೆ ಬೇರೆ ಪಾತ್ರ ಒಪ್ಪಲ್ಲ ಬಿಡಿ” ಎಂದು ನಗುತ್ತಲೇ ಕಳಿಸಿದರು. ತಿರುಗಿ ಹಳೆಯ ಕಂಪನಿಗೆ ಬಂದ. ಇನ್ನು ಅಳುವುದಿಲ್ಲ ಎಂದು ಮಾಲೀಕನಿಗೆ ಮೊದಲೇ ಹೇಳಿ, ತಂದೆಯ ಪಾತ್ರ ಕೇಳಿ ತೆಗೆದುಕೊಂಡ. ಧೋತರ ಉಟ್ಟು, ಮೀಸೆ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವ ಗಂಭೀರ ಮಾತು ಆಡುತ್ತಿದ್ದರೆ ಹಿಂದಿನ ಬೆಂಚಿನಿಂದ ಕೂಗು: “ಅಳೋ ನಿಂಗಕ್ಕಾ!” ಅತ್ತರೆ ಬಿಡುತ್ತಿದ್ದರು, ಅಳದಿದ್ದರೆ ಶೇಂಗಾ ಸಿಪ್ಪೆ ಎಸೆಯುತ್ತಿದ್ದರು. ಮಾಲೀಕ ಎರಡು ತಿಂಗಳು ನೋಡಿ ಅವನನ್ನು ಮತ್ತೆ ಪರದೆ ಎಳೆಯಲು ಹಚ್ಚಿದ. ಮೂವತ್ತೈದು ವಯಸ್ಸು ಆಗ ಅವನಿಗೆ.

ಊರಿಗೆ ಹೋದಾಗ ಕಸ್ತೂರೆವ್ವ ಎಂದಿನಂತೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಒಂದು ದಿನ ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತೇನೋ. ಒಮ್ಮೆ ತಾನೇ ಬಾಯಿಬಿಟ್ಟ.

“ಯವ್ವಾ, ನನ್ನಿಂದ ನಿನ್ನ ಮಾನ ಹೋತು.”

“ಮಾನ ಎಲ್ಲಿ ಹೋಗತೈತಿ, ಹುಚ್ಚಾ. ಉಣ್ಣು” ಅಂದಳು ಆಕೆ. ಅಷ್ಟೇ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಕಸ್ತೂರೆವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಬಿಜಾಪುರದ ದವಾಖಾನೆಗೆ ಸೇರಿಸಿದರು. ರಾತ್ರಿ ಹಗಲು ಅಮೋಘಸಿದ್ಧನೇ ಹತ್ತಿರ ಇದ್ದ. ಒಂದು ಮಧ್ಯಾಹ್ನ ಪಕ್ಕದ ಹಾಸಿಗೆಯವರನ್ನು ನೋಡಲು ಬಂದವನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಆಗ ಅಂಥದ್ದೆಲ್ಲ ರಿಂಗ್‌ಟೋನಾಗಿ ಸಿಗುತ್ತಿತ್ತು. ನಿಂಗಕ್ಕನ ಅಳು. ಹೊಸಾ ಚಪ್ಪಲಿ ಕಚ್ಚತಾವಂತ… ಚಾ ಆತೇನ್ರಿ? ಆ ಮನುಷ್ಯ ಫೋನು ತೆಗೆಯದೆ ಎಲ್ಲರಿಗೂ ಕೇಳಲಿ ಎಂದು ಹಾಗೇ ಹಿಡಿದುಕೊಂಡು ನಿಂತ. ನರ್ಸಬಾಯಿ ನಕ್ಕಳು, ಹೊಟ್ಟೆ ಹೊಲಿದ ರೋಗಿಗಳೂ ಹೊಟ್ಟೆ ಒತ್ತಿಕೊಂಡು ನಕ್ಕರು. ಅಮೋಘಸಿದ್ಧ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಕೂತ.

ಎಲ್ಲ ಸುಮ್ಮನಾದ ಮೇಲೆ ಕಸ್ತೂರೆವ್ವ ಅವನ ಕೈ ಹಿಡಿದಳು.

“ತಮ್ಮಾ, ಒಂದ ಮಾತು ನಡಸಿಕೊಡ್ತಿ?”

“ಹೇಳಬೇ.”

“ನಾ ಹ್ವಾದ ದಿನ ನೀ ಬರಬ್ಯಾಡ.”

“ಯವ್ವಾ! ಏನಂತ ಮಾತಾಡ್ತಿ?”

“ಸಿಟ್ಟಿಲೆ ಅನ್ನಾಕತ್ತಿಲ್ಲೋ. ನೀ ಬಂದ್ರ ಮಂದಿ ನಿನ್ನ ಮಾರಿ ನೋಡತಾರ. ನೋಡಿದ ಕೂಡ್ಲೆ ನಗು ಬರತೈತಿ ಅವ್ರಿಗೆ. ಅವ್ರದರ ಏನ ತಪ್ಪು? ಊರ ಮಂದಿ ಮಣ್ಣಿನಾಗೆಲ್ಲಾ ನಾ ಅತ್ತೇನಿ. ನನ್ನ ಮಣ್ಣಿನಾಗ ಯಾರೂ ನಗಬಾರ್ದು. ಅಷ್ಟ ಒಂದು ನಡಸಿಕೊಡು.”

ಅಮೋಘಸಿದ್ಧ ಆಕೆಯ ಅಂಗೈಯ ಮೇಲೆ ತನ್ನ ಕೈ ಇಟ್ಟ. ಆಣೆ ಮಾಡಿದಂತೆಯೇ ಆಯಿತು.

ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ, ಕಂಪನಿ ಇಂಡಿಯಲ್ಲಿ ಇದ್ದಾಗ, ಮುಂಜಾನೆ ಸುವರ್ಣಾಳ ಫೋನು ಬಂತು. “ಅತ್ತಿ ಹ್ವಾದ್ರೋ ಸಿದ್ಧಾ” ಎಂದು ಅತ್ತಳು. ಮಣ್ಣು ಮೂರು ಗಂಟೆಗೆ. ಭಜನೆಯವರಿಗೆ ಹೇಳಿಕಳಿಸಿದ್ದಾರೆ. “ಯಾರೂ ಹಾಡ್ಯಾಡಿ ಅಳಾಕ ಒಲ್ರು. ಊರಿಗೆಲ್ಲಾ ಅತ್ತಾಕಿ, ಆಕಿಗೆ ಅಳಾಕ ಒಂದ ಬಾಯಿಲ್ಲ ನೋಡು.” ಯಲ್ಲಾಲಿಂಗ ಫೋನು ಕಸಿದುಕೊಂಡು, “ಅವ್ವ ಏನರ ಅಂದಿರ್ಲಿ, ನೀ ಬಾ. ಹೆತ್ತಾಕಿಗೆ ಒಂದ ಹಿಡಿ ಮಣ್ಣ ಹಾಕಾಕ ಯಾರ ಅಪ್ಪಣಿ ಬೇಕು?” ಅಂದ.

ಅಮೋಘಸಿದ್ಧ ಹೊರಟ. ಕೊಟ್ಟ ಮಾತು ನೆನಪಿತ್ತು, ಆದರೂ ಕಾಲು ನಿಲ್ಲಲಿಲ್ಲ. ಬಿಜಾಪುರದಲ್ಲಿ ಬಸ್ಸು ಬದಲಿಸಿದ. ಬಸವನ ಬಾಗೇವಾಡಿಗೆ ಟಿಕೀಟು ಹರಿಯುತ್ತ ಕಂಡಕ್ಟರ್ ಮುಖ ನೋಡಿದ. “ಏ, ನಿಂಗಕ್ಕ ಬಂದಾಳ್ರೆಪಾ ಬಸ್ಸಿನ್ಯಾಗ!” ಬಸ್ಸಿಗೆ ಬಸ್ಸೇ ತಿರುಗಿತು. ಮುಂದಿನ ಸೀಟಿನಲ್ಲಿ ಇದ್ದವಳೊಬ್ಬಳು ಬಿಳಿ ಸೀರೆ ಉಟ್ಟು, ಅತ್ತು ಕಣ್ಣು ಊದಿಸಿಕೊಂಡವಳು, ಅವಳೂ ಯಾವುದೋ ಮಣ್ಣಿಗೆ ಹೊರಟಿದ್ದಿರಬೇಕು. ತಿರುಗಿ ನೋಡಿದವಳ ತುಟಿಯ ಮೇಲೆ ನಗು ಬಂತು. ಅಷ್ಟು ಸಾಕಾಯಿತು ಅವನಿಗೆ. ಅವ್ವ ಲೆಕ್ಕ ತಪ್ಪಿ ಮಾತಾಡಿದವಳಲ್ಲ.

ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟ. ಹೂವಿನ ಹಿಪ್ಪರಗಿಯ ಬಸ್ಸು ಬಂತು, ಹೋಯಿತು. ಒಂದೂವರೆಗೆ ಇನ್ನೊಂದು ಬಂತು, ಅದೂ ಹೋಯಿತು. ಇಷ್ಟು ಹತ್ತಿರ ಬಂದು, ತಾಯಿಯ ಮುಖ ನೋಡದೆ ಕೂತವನ ಸಂಕಟ ಯಾವ ವೈರಿಗೂ ಬೇಡ. ಗಡಿಯಾರ ಮೂರು ತೋರಿಸಿತು. ಈಗ ಎತ್ತಿರುತ್ತಾರೆ. ಈಗ ಊರ ಅಗಸಿಬಾಗಿಲು ದಾಟಿರುತ್ತಾರೆ. ಭಜನೆಯವರು ತಾಳ ಕುಟ್ಟುತ್ತಿರುತ್ತಾರೆ, ಅವ್ವ ಯಾರು, ಎಲ್ಲಿಂದ ಬಂದಳು, ಏನು ಉಂಡಳು, ಏನು ಬಿಟ್ಟಳು, ಒಬ್ಬರೂ ಹೇಳುವವರಿಲ್ಲ.

ಅಷ್ಟೊತ್ತಿಗೆ ಕಾಲೇಜು ಬಿಟ್ಟು ಬಂದವರ ಕಣ್ಣಿಗೆ ಬಿದ್ದ. ಹತ್ತು ಮಂದಿ ಇಪ್ಪತ್ತಾದರು, ಇಪ್ಪತ್ತು ಮಂದಿ ಐವತ್ತಾದರು. “ಒಮ್ಮೆ ಅಳ್ರಿ, ನಿಂಗಕ್ಕಾರ. ಒಂದ ಸಲ, ಪ್ಲೀಜ್ರಿ.” ಕೈಮುಗಿದು ಒಲ್ಲೆ ಅಂದ. ಬಿಡಲಿಲ್ಲ. ಯಾರೋ ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ತಲೆಯ ಮೇಲೆ ಸೆರಗಿನಂತೆ ಹೊದಿಸಿದರು. ಅದರೊಳಗೆ ಕತ್ತಲೆಯಾಯಿತು, ಯಾರ ಮುಖವೂ ಕಾಣಲಿಲ್ಲ. ಅಮೋಘಸಿದ್ಧನ ಬಾಯಿ ತಾನಾಗಿ ತೆರೆಯಿತು.

“ಹಲಸಂಗಿ ಊರಾಗ ಹುಟ್ಟಿ ಬಂದಿ ನನ್ನವ್ವಾ,
ಏಳು ಮಂದ್ಯಾಗ ಕಡೀ ಮಗಳ ನನ್ನವ್ವಾ,
ಮೂರು ವರ್ಸಿಗೆ ಹೆತ್ತಾಕೀನ ಕಳಕೊಂಡ್ಯಲ್ಲ ನನ್ನವ್ವಾ,
ಅಳೂದ ನಿನಗ ಯಾರ ಕಲಿಸಿದ್ರು ನನ್ನವ್ವಾ…”

ಮಂದಿ ಸಿಳ್ಳೆ ಹೊಡೆದರು, ಬಿದ್ದು ಬಿದ್ದು ನಕ್ಕರು. ಚಹಾ ಯಾವಾಗ ಕೇಳುತ್ತಾನೆ ಎಂದು ಕಾದರು. ಅವನು ಕೇಳಲಿಲ್ಲ. ಬೆಂಚಿನ ಪಕ್ಕ ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಖಾತುನಬಿ ಎಂಬ ಮುದುಕಿ ಹಣ್ಣು ಒರೆಸುವುದನ್ನು ನಿಲ್ಲಿಸಿ ಅವನ ಮೊಣಕಾಲು ಮುಟ್ಟಿದಳು.

“ಯಾರ ಹ್ವಾದ್ರೋ ಬೇಟಾ?”

“ನಮ್ಮವ್ವರಿ, ಆಯೀ.”

ಅದಕ್ಕೂ ಮಂದಿ ನಕ್ಕರು. ಖಾತುನಬಿ, “ನಗಬ್ಯಾಡ್ರೋ, ಖರೇನ ಅಳಾಕತ್ತಾನ” ಅಂದಳು. ಆಕೆ ಹಾಗೆ ಅಂದದ್ದು ಕೇಳಿ ನಗು ಇನ್ನೂ ಜೋರಾಯಿತು. ಹಿಂದಿನಿಂದ ಯಾರೋ “ವನ್ಸ್ ಮೋರ್!” ಎಂದು ಕೂಗಿದರು, ಎಲ್ಲರೂ ಅದನ್ನೇ ಹಿಡಿದರು.

ಅಮೋಘಸಿದ್ಧ ಟವೆಲ್ಲನ್ನು ಇನ್ನಷ್ಟು ಮುಂದೆ ಎಳೆದುಕೊಂಡ. ಅವ್ವ ಮದುವೆಯಾಗಿ ಹೂವಿನ ಹಿಪ್ಪರಗಿಗೆ ಬಂದದ್ದನ್ನು ಅವನು ಇನ್ನೂ ಹೇಳಿರಲಿಲ್ಲ. ಮುಂದಿನ ಸಾಲು ಎತ್ತಿಕೊಂಡ.